ಸಹಿಗೆ ಬಲ ಎಲ್ಲಿಂದ? ವಾಸ್ತುಶಿಲ್ಪಿಗಳ ನೋಂದಣಿಯ ಐದು ದಶಕಗಳು

ಮಂಜೂರಾದ ಕಟ್ಟಡ ನಕ್ಷೆಯ ಹಾಳೆಯನ್ನು ಬಿಡಿಸಿದರೆ ಒಂದು ಮೂಲೆಯಲ್ಲಿ ಕೆಲವು ಚೌಕಗಳು ಕಾಣುತ್ತವೆ. ಒಂದರಲ್ಲಿ ಮಾಲೀಕರ ಸಹಿ, ಮತ್ತೊಂದರಲ್ಲಿ ನಕ್ಷೆ ಮಾಡಿದವರ ಸಹಿ ಮತ್ತು ಸೀಲು. ಮಾಡಿದವರು ಆರ್ಕಿಟೆಕ್ಟ್ ಆಗಿದ್ದರೆ ಸೀಲಿನಲ್ಲಿ ‘ಸಿಎ’ ಎಂಬ ಎರಡು ಅಕ್ಷರ, ನೋಂದಣಿಯಾದ ವರ್ಷ, ಅದರ ಮುಂದೆ ಒಂದು ಸಂಖ್ಯೆ ಇರುತ್ತದೆ. ಮನೆ ಕಟ್ಟಿಸಿದವರಲ್ಲಿ ಬಹುಪಾಲು ಮಂದಿ ಆ ಸಂಖ್ಯೆಯತ್ತ ಕಣ್ಣು ಹಾಯಿಸುವುದೇ ಇಲ್ಲ. ಆದರೆ ಅದರ ಹಿಂದೆ ಸಂಸತ್ತಿನ ಒಂದು ಕಾಯ್ದೆ ಇದೆ, ದೆಹಲಿಯಲ್ಲಿ ಕಚೇರಿ ಇರುವ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ಎಂಬ ಶಾಸನಬದ್ಧ ಸಂಸ್ಥೆ ಇದೆ, ಒಂದು ಲಕ್ಷಕ್ಕೂ ಹೆಚ್ಚು ಹೆಸರುಗಳ ಪಟ್ಟಿ ಇದೆ, ಐದು ವರ್ಷಗಳ ಓದಿದೆ, ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ವ್ಯಾಜ್ಯಗಳಿವೆ.

1972ರ ಸೆಪ್ಟೆಂಬರ್ 1ರಂದು ಜಾರಿಗೆ ಬಂದ ವಾಸ್ತುಶಿಲ್ಪಿಗಳ ಕಾಯ್ದೆಗೆ ಈಗ ಅರ್ಧ ಶತಮಾನ ದಾಟಿದೆ. ಆ ಸಂಖ್ಯೆ ಪಡೆದವರಿಗೆ ಅದರಿಂದ ಏನು ದಕ್ಕಿತು, ಅವರಿಂದ ಅದು ಏನು ಕೇಳಿತು, ಅವರು ವಿನ್ಯಾಸ ಮಾಡಿದ ಗೋಡೆಗಳ ನಡುವೆ ಬದುಕುವ ಜನಕ್ಕೆ ಏನು ಸಿಕ್ಕಿತು ಎಂದು ಲೆಕ್ಕ ಹಾಕಲು ಇಷ್ಟು ಕಾಲ ಸಾಕು. ಈ ಚರ್ಚೆ ಸಾಮಾನ್ಯವಾಗಿ ಯಾರನ್ನು ಒಳಗೆ ಬಿಡಬೇಕು, ಯಾರನ್ನು ಹೊರಗಿಡಬೇಕು ಎಂಬಲ್ಲಿಗೇ ಬಂದು ನಿಲ್ಲುತ್ತದೆ. ನಾನು ಅಳೆಯಬಯಸುವುದು ಬೇರೊಂದು ಅಳತೆಯಿಂದ. ನೋಂದಾಯಿತ ವಾಸ್ತುಶಿಲ್ಪಿ ತಪ್ಪು ಕೆಲಸಕ್ಕೆ ‘ಆಗುವುದಿಲ್ಲ’ ಎಂದು ಹೇಳಿ, ಹಾಗೆ ಹೇಳಿದ್ದಕ್ಕೆ ವೃತ್ತಿ ಕಳೆದುಕೊಳ್ಳದೆ ಉಳಿಯಬಲ್ಲರೇ? ನೋಂದಣಿ ಆ ಬಲ ಕೊಟ್ಟಿದ್ದರೆ ಅದು ಸಾರ್ಥಕ. ಕೊಟ್ಟಿಲ್ಲವಾದರೆ ಕಾಯ್ದೆಯ ಕೆಲಸ ಅರ್ಧಕ್ಕೇ ನಿಂತಿದೆ.

ಪಟ್ಟಿ ಇಲ್ಲದ ಕಾಲ

ಕಟ್ಟಿದವರ ಹೆಸರನ್ನು ಕಟ್ಟಡದ ಮೇಲೆ ಉಳಿಸುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಬೇಲೂರಿನ ವಿಗ್ರಹಗಳ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣನ ಹೆಸರುಗಳಿವೆ. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ವಿಜಯಪುರದ ಇಬ್ರಾಹಿಂ ರೋಜಾದ ಶಾಸನ ಮಲಿಕ್ ಸಂದಲ್‌ನನ್ನು ನೆನೆಯುತ್ತದೆ. ಇಂದು ಅದೇ ಊರಿನ ವಾಸ್ತುಶಿಲ್ಪ ಕಾಲೇಜಿಗೆ ಅವನದೇ ಹೆಸರು. ಅಂದು ಹೆಸರಿಗೆ ತೂಕ ಬರುತ್ತಿದ್ದದ್ದು ಗುರುಮನೆಯಿಂದ, ಮನೆತನದಿಂದ, ಕಣ್ಣೆದುರಿನ ಕೆಲಸದಿಂದ.

ಬ್ರಿಟಿಷರ ಆಳ್ವಿಕೆಯಲ್ಲಿ ಕೆಲಸ ಲೋಕೋಪಯೋಗಿ ಇಲಾಖೆಗಳ ಕೈಗೆ ಹೋಯಿತು. ಆಗಲೂ ಕಾನೂನಿನ ಪಟ್ಟಿ ಇರಲಿಲ್ಲ. 1897ರಲ್ಲಿ ಶುರುವಾಗಿ 1912ರಲ್ಲಿ ಮುಗಿದ ಮೈಸೂರು ಅರಮನೆಯ ವಿನ್ಯಾಸ ಹೆನ್ರಿ ಇರ್ವಿನ್ ಅವರದು. ನಾಜಿ ಜರ್ಮನಿ ಬಿಟ್ಟು ಬಂದ ಆಟೊ ಕೋನಿಗ್ಸ್‌ಬರ್ಗರ್ 1939ರಲ್ಲಿ ಮೈಸೂರು ಸಂಸ್ಥಾನದ ಸರ್ಕಾರಿ ವಾಸ್ತುಶಿಲ್ಪಿಯಾಗಿ ಭಾರತೀಯ ವಿಜ್ಞಾನ ಸಂಸ್ಥೆಯ ಹಲವು ಕಟ್ಟಡಗಳನ್ನು ರೂಪಿಸಿದರು. ಕೆಂಗಲ್ ಹನುಮಂತಯ್ಯನವರ ಕನಸಿನ ವಿಧಾನಸೌಧ 1956ರಲ್ಲಿ ಪೂರ್ಣಗೊಂಡದ್ದು ಲೋಕೋಪಯೋಗಿ ಇಲಾಖೆಯ ಬಿ.ಆರ್. ಮಾಣಿಕ್ಯಂ ಅವರ ನೇತೃತ್ವದಲ್ಲಿ. ಇಲ್ಲೆಲ್ಲ ವಿನ್ಯಾಸಕಾರರ ಬೆನ್ನಿಗೆ ಸಂಸ್ಥಾನವೋ ಸರ್ಕಾರವೋ ನಿಂತಿತ್ತು. ಅವರ ಅರ್ಹತೆಯನ್ನು ಪರಿಶೀಲಿಸುವ ಹೊಣೆ ನೇಮಿಸಿದವರದೇ ಆಗಿತ್ತು.

ಖಾಸಗಿ ವೃತ್ತಿ ಬೆಳೆದಂತೆ ಈ ಏರ್ಪಾಡು ಸಾಲದಾಯಿತು. 1917ರಲ್ಲಿ ಮುಂಬೈಯಲ್ಲಿ ವಿದ್ಯಾರ್ಥಿಗಳ ಸಂಘವಾಗಿ ಹುಟ್ಟಿ 1929ರಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆರ್ಕಿಟೆಕ್ಟ್ಸ್ ಎಂಬ ಹೆಸರು ಪಡೆದ ಸಂಸ್ಥೆ ತನ್ನ ಸದಸ್ಯರಿಗೆ ನೀತಿನಿಯಮ ರೂಪಿಸಬಹುದಿತ್ತೇ ಹೊರತು ಸದಸ್ಯರಲ್ಲದವರನ್ನು ತಡೆಯುವ ಅಧಿಕಾರ ಅದಕ್ಕಿರಲಿಲ್ಲ. ಸ್ವಾತಂತ್ರ್ಯಾನಂತರ ನಗರಗಳು ಹಬ್ಬಿದವು, ನಿರ್ಮಾಣ ಹೆಚ್ಚಿತು, ಓದು ಅನುಭವ ಎರಡೂ ಇಲ್ಲದವರು ಆರ್ಕಿಟೆಕ್ಟ್ ಎಂಬ ಫಲಕ ಹಾಕಿಕೊಂಡರು. ಇಂಥವರು ಕಟ್ಟಿಸಿದ ಕಟ್ಟಡಗಳು ದುಬಾರಿಯಾಗುತ್ತಿವೆ, ಅನೇಕ ವೇಳೆ ಅಪಾಯಕಾರಿಯೂ ಆಗುತ್ತಿವೆ ಎಂಬುದೇ 1968ರಲ್ಲಿ ಸಂಸತ್ತಿನ ಮುಂದೆ ಬಂದ ಮಸೂದೆಯ ಮೂಲ ಕಾರಣ. ನಾಲ್ಕು ವರ್ಷಗಳ ನಂತರ ಅದು ಕಾಯ್ದೆಯಾಯಿತು.

ಕಾಯ್ದೆ ಕೊಟ್ಟದ್ದು, ಕೊಡದೆ ಬಿಟ್ಟದ್ದು

ಕಾಯ್ದೆಯ ಚೌಕಟ್ಟು ಸರಳ. ಕೇಂದ್ರದಲ್ಲಿ ಒಂದು ಪರಿಷತ್ತು, ಅದೇ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್. ಅದರಲ್ಲಿ ವೃತ್ತಿ ಸಂಸ್ಥೆ ಆರಿಸಿದ ವಾಸ್ತುಶಿಲ್ಪಿಗಳು, ಕಾಲೇಜುಗಳ ಮುಖ್ಯಸ್ಥರು, ಕೇಂದ್ರದ ಇಲಾಖೆಗಳ ಪ್ರತಿನಿಧಿಗಳು, ಪ್ರತಿ ರಾಜ್ಯದಿಂದ ಒಬ್ಬರು, ಜೊತೆಗೆ ಎಂಜಿನಿಯರುಗಳ ಸಂಸ್ಥೆಯ ಪ್ರತಿನಿಧಿಗಳು. ಯಾವ ಪದವಿಗೆ ಮಾನ್ಯತೆ ಕೊಡಬಹುದು ಎಂದು ಸಲಹೆ ಮಾಡುವುದು, ಶಿಕ್ಷಣದ ಕನಿಷ್ಠ ಮಟ್ಟ ನಿಗದಿ ಮಾಡುವುದು, ಪಟ್ಟಿ ಇಡುವುದು, ವೃತ್ತಿ ನಡವಳಿಕೆಯ ನಿಯಮ ಮಾಡುವುದು, ದುರ್ನಡತೆಯ ದೂರು ಬಂದರೆ ವಿಚಾರಣೆ ನಡೆಸಿ ಛೀಮಾರಿ ಹಾಕುವುದು, ಅಮಾನತು ಮಾಡುವುದು ಅಥವಾ ಹೆಸರನ್ನೇ ತೆಗೆದುಹಾಕುವುದು ಅದರ ಕೆಲಸ. ಕಾಯ್ದೆ ಬರುವ ಮೊದಲೇ ಕನಿಷ್ಠ ಐದು ವರ್ಷ ವಾಸ್ತುಶಿಲ್ಪಿಯಾಗಿ ದುಡಿದಿದ್ದವರಿಗೆ ಪದವಿ ಇಲ್ಲದಿದ್ದರೂ ಹೆಸರು ಸೇರಿಸಿಕೊಳ್ಳಲು ಒಮ್ಮೆ ಬಾಗಿಲು ತೆರೆಯಲಾಯಿತು. ಡ್ರಾಯಿಂಗ್ ಬೋರ್ಡಿನ ಮುಂದೆ ಕೂತು ಅನುಭವದಿಂದಲೇ ಪಳಗಿದ ತಲೆಮಾರಿಗೆ ಅದು ನ್ಯಾಯ ಒದಗಿಸಿತು.

ಕಾಯ್ದೆಯ ತಿರುಳು 37ನೇ ಕಲಮಿನಲ್ಲಿದೆ. ನೋಂದಣಿ ಇಲ್ಲದವರು ಆರ್ಕಿಟೆಕ್ಟ್ ಎಂಬ ಬಿರುದನ್ನು ಬಳಸುವಂತಿಲ್ಲ. ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ಮತ್ತು ಹಡಗುಗಳ ವಿನ್ಯಾಸ ಮಾಡುವ ನೇವಲ್ ಆರ್ಕಿಟೆಕ್ಟ್ ಎಂಬೆರಡು ಬಿರುದುಗಳಿಗೆ ವಿನಾಯಿತಿ ಇದೆ. ಹೊರದೇಶದ ವಾಸ್ತುಶಿಲ್ಪಿ ನಿರ್ದಿಷ್ಟ ಯೋಜನೆಯೊಂದಕ್ಕೆ ಕೇಂದ್ರ ಸರ್ಕಾರದ ಪೂರ್ವಾನುಮತಿ ಪಡೆದು ಕೆಲಸ ಮಾಡಬಹುದು. ಪಾಲುದಾರಿಕೆ ಸಂಸ್ಥೆಯ ಎಲ್ಲ ಪಾಲುದಾರರೂ ನೋಂದಾಯಿತರಾಗಿದ್ದರೆ ಮಾತ್ರ ಸಂಸ್ಥೆ ಆ ಬಿರುದು ಬಳಸಬಹುದು. ನಿಯಮ ಮೀರಿದವರಿಗೆ ಮೂಲ ಕಾಯ್ದೆ ಇಟ್ಟ ಶಿಕ್ಷೆ ಮೊದಲ ಬಾರಿಗೆ 500 ರೂಪಾಯಿವರೆಗಿನ ದಂಡ. ಮತ್ತೆ ಮಾಡಿದರೆ ಆರು ತಿಂಗಳವರೆಗೆ ಸೆರೆ, ಇಲ್ಲವೇ 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದೂರು ಪರಿಷತ್ತಿನ ಆದೇಶದ ಮೇರೆಗೇ ನ್ಯಾಯಾಲಯಕ್ಕೆ ಹೋಗಬೇಕು. 1972ರಲ್ಲಿ 500 ರೂಪಾಯಿ ಸಣ್ಣ ಮೊತ್ತವಲ್ಲ. ಇಂದು ನಕ್ಷೆಯ ಒಂದೆರಡು ಪ್ರತಿ ತೆಗೆಸುವುದಕ್ಕೇ ಅಷ್ಟು ಖರ್ಚಾಗುತ್ತದೆ.

ಕೊಡದೆ ಬಿಟ್ಟದ್ದು ಇದಕ್ಕಿಂತ ದೊಡ್ಡದು. ಕಟ್ಟಡ ವಿನ್ಯಾಸ ಮಾಡುವ ಹಕ್ಕು ವಾಸ್ತುಶಿಲ್ಪಿಗಳಿಗೆ ಮಾತ್ರ ಎಂದು ಕಾಯ್ದೆ ಎಲ್ಲೂ ಹೇಳಿಲ್ಲ. ಎಂಜಿನಿಯರುಗಳೂ ಇತರರೂ ತಮ್ಮ ಕೆಲಸ ಮುಂದುವರಿಸಬಹುದು, ಬಿರುದೊಂದನ್ನು ಬಳಸಬಾರದು ಎಂಬುದೇ ಅಂದಿನ ಸ್ಪಷ್ಟ ಆಶಯ. 1961ರ ವಕೀಲರ ಕಾಯ್ದೆ ನ್ಯಾಯಾಲಯದಲ್ಲಿ ವಾದಿಸುವ ಹಕ್ಕನ್ನು ನೋಂದಾಯಿತ ವಕೀಲರಿಗೇ ಮೀಸಲಿಟ್ಟಿತು. ವೈದ್ಯರ ಕಾಯ್ದೆಯೂ ಚಿಕಿತ್ಸೆಗೆ ನೋಂದಣಿ ಕಡ್ಡಾಯ ಮಾಡಿತು. ವಾಸ್ತುಶಿಲ್ಪಿಗಳಿಗೆ ಮಾತ್ರ ಹೆಸರು ಸಿಕ್ಕಿತು, ಕೆಲಸ ಎಲ್ಲರದಾಗಿ ಉಳಿಯಿತು.

ನ್ಯಾಯಾಲಯದಲ್ಲಿ ತೀರ್ಮಾನವಾದದ್ದು

ಹೆಸರಿಗೂ ಕೆಲಸಕ್ಕೂ ನಡುವಿನ ಈ ಗೆರೆಯನ್ನು ಅಳಿಸಲು ಪರಿಷತ್ತು ದಶಕಗಳ ಕಾಲ ಪ್ರಯತ್ನಿಸಿತು. ನಾನಾ ಹೈಕೋರ್ಟುಗಳ ಮುಂದೆ ಸುತ್ತಾಡಿದ ಪ್ರಶ್ನೆ ನೊಯ್ಡಾ ಪ್ರಾಧಿಕಾರದ ಬಡ್ತಿ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿಗೆ ಬಂತು. 2020ರ ಮಾರ್ಚ್ 17ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರಿದ್ದ ಪೀಠ ಕೊಟ್ಟ ತೀರ್ಪು ಎರಡು ಮಾತು ಹೇಳಿತು. ಒಂದು, 37ನೇ ಕಲಮು ನಿರ್ಬಂಧಿಸುವುದು ಬಿರುದಿನ ಬಳಕೆಯನ್ನು ಮಾತ್ರ. ನೋಂದಣಿ ಇಲ್ಲದವರು ವಾಸ್ತುಶಿಲ್ಪದ ಕೆಲಸ ಮಾಡುವುದನ್ನು ಅದು ತಡೆಯುವುದಿಲ್ಲ. ಎರಡು, ಸರ್ಕಾರಿ ಸಂಸ್ಥೆಯೊಂದು ಹುದ್ದೆಗೆ ಆರ್ಕಿಟೆಕ್ಟ್ ಎಂದು ಹೆಸರಿಟ್ಟ ಮೇಲೆ ನೋಂದಣಿ ಇಲ್ಲದವರನ್ನು ಅದರಲ್ಲಿ ಕೂರಿಸುವಂತಿಲ್ಲ. ಬೇರೆಯವರನ್ನು ನೇಮಿಸಬೇಕೆಂದರೆ ಹುದ್ದೆಯ ಹೆಸರು ಬದಲಿಸಬೇಕು.

ಅನೇಕ ವಾಸ್ತುಶಿಲ್ಪಿಗಳಿಗೆ ಈ ತೀರ್ಪು ನುಂಗಲಾರದ ತುತ್ತಾಯಿತು. ಆದರೆ ಕಾಯ್ದೆಯಲ್ಲಿ ಇಲ್ಲದ್ದನ್ನು ನ್ಯಾಯಾಲಯ ಸೇರಿಸಲು ಬರುವುದಿಲ್ಲ. ವಿನ್ಯಾಸದ ಹಕ್ಕನ್ನು ಮೀಸಲಿಡಬೇಕಾದರೆ ಅದನ್ನು ಸಂಸತ್ತೇ ಮಾಡಬೇಕು.

ಇದಕ್ಕೆ ಕೆಲವೇ ತಿಂಗಳ ಮುಂಚೆ, 2019ರ ನವೆಂಬರ್‌ನಲ್ಲಿ, ಕೊಲ್ಹಾಪುರದ ಶಿಕ್ಷಣ ಸಂಸ್ಥೆಯೊಂದರ ಪ್ರಕರಣದಲ್ಲಿ ಪರಿಷತ್ತಿಗೆ ದೊಡ್ಡ ಗೆಲುವು ಸಿಕ್ಕಿತ್ತು. ವಾಸ್ತುಶಿಲ್ಪ ಕಾಲೇಜುಗಳ ಮೇಲೆ ಅಧಿಕಾರ ಯಾರದು, ಪರಿಷತ್ತಿನದೋ ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇಯದೋ ಎಂಬ ವರ್ಷಾನುಗಟ್ಟಲೆಯ ಹಗ್ಗಜಗ್ಗಾಟಕ್ಕೆ ಸುಪ್ರೀಂ ಕೋರ್ಟ್ ತೆರೆ ಎಳೆದು, ಶಿಕ್ಷಣದ ಮಟ್ಟದ ವಿಷಯದಲ್ಲಿ ಪರಿಷತ್ತಿನ ಮಾತೇ ಅಂತಿಮ ಎಂದಿತು. ಅದಾದ ಮೇಲೆ 1983ರ ಹಳೆಯ ನಿಯಮಗಳ ಜಾಗದಲ್ಲಿ 2020ರ ಕನಿಷ್ಠ ಶಿಕ್ಷಣ ಮಟ್ಟದ ನಿಯಮಗಳು ಬಂದವು. ಹೀಗೆ ಕಾಲೇಜಿನ ಬಾಗಿಲ ಕೀಲಿ ಪರಿಷತ್ತಿನ ಕೈಯಲ್ಲಿ ಭದ್ರವಾಯಿತು. ಕಟ್ಟಡ ಏಳುವ ಜಾಗದ ಕೀಲಿ ಕೈತಪ್ಪಿತು.

ವೃತ್ತಿಯಲ್ಲಿರುವವರಿಗೆ ದಕ್ಕಿದ್ದು

ಇಷ್ಟಾದರೂ ನೋಂದಣಿ ಬರೀ ಅಲಂಕಾರವಲ್ಲ. ಮೊದಲನೆಯದಾಗಿ, ಇದು ಇಡೀ ದೇಶಕ್ಕೆ ಒಂದೇ ನೋಂದಣಿ. ಅಮೆರಿಕದಲ್ಲಿ ರಾಜ್ಯಕ್ಕೊಂದು ಪರವಾನಗಿ ಬೇಕು. ಇಲ್ಲಿ ಹುಬ್ಬಳ್ಳಿಯ ವಾಸ್ತುಶಿಲ್ಪಿ ಅದೇ ಸಂಖ್ಯೆಯಿಂದ ಪುಣೆಯಲ್ಲೂ ಹೈದರಾಬಾದಿನಲ್ಲೂ ಆರ್ಕಿಟೆಕ್ಟ್ ಎಂದೇ ನಿಲ್ಲಬಹುದು. ನಗರಪಾಲಿಕೆಗಳು ತಮ್ಮದೇ ಪಟ್ಟಿಯಲ್ಲಿ ಮತ್ತೊಮ್ಮೆ ಹೆಸರು ಸೇರಿಸಿ ಎಂದು ಕೇಳುವ ತಕರಾರು ಇದ್ದೇ ಇದೆ. ಕೇಂದ್ರ ಕಾಯ್ದೆಯಡಿ ಒಮ್ಮೆ ಪರಿಶೀಲನೆಯಾದವರನ್ನು ಪ್ರತಿ ಊರಿನ ಕಚೇರಿಯೂ ಹೊಸದಾಗಿ ಪರಿಶೀಲಿಸುವುದು ಅನಗತ್ಯ ಎಂಬ ಪರಿಷತ್ತಿನ ವಾದ ನನಗೆ ಸರಿಯೆನಿಸುತ್ತದೆ.

ಎರಡನೆಯದಾಗಿ, ಬೇರೆ ಕಾನೂನುಗಳು ಈ ನೋಂದಣಿಯ ಮೇಲೆ ನಿಂತಿವೆ. ಬೇರೆ ಯಾವುದೇ ಕಾನೂನಿನಲ್ಲಿ ಆರ್ಕಿಟೆಕ್ಟ್ ಎಂದು ಬಂದಲ್ಲೆಲ್ಲ ನೋಂದಾಯಿತರೆಂದೇ ತಿಳಿಯಬೇಕು ಎಂದು 35ನೇ ಕಲಮು ಹೇಳುತ್ತದೆ. 2016ರ ರಿಯಲ್ ಎಸ್ಟೇಟ್ ಕಾಯ್ದೆ (ರೇರಾ) ಇದಕ್ಕೆ ಜೀವಂತ ಉದಾಹರಣೆ. ಖರೀದಿದಾರರು ಕೊಟ್ಟ ಹಣದ ಶೇಕಡಾ 70 ಭಾಗ ಪ್ರತ್ಯೇಕ ಬ್ಯಾಂಕ್ ಖಾತೆಯಲ್ಲಿರಬೇಕು. ಕೆಲಸ ಎಷ್ಟು ಮುಗಿದಿದೆಯೋ ಅಷ್ಟಕ್ಕೆ ತಕ್ಕ ಹಣವನ್ನು ಮಾತ್ರ, ಎಂಜಿನಿಯರ್, ವಾಸ್ತುಶಿಲ್ಪಿ ಮತ್ತು ಚಾರ್ಟರ್ಡ್ ಅಕೌಂಟೆಂಟ್ ಮೂವರೂ ಪ್ರಮಾಣೀಕರಿಸಿದ ಮೇಲೆ, ಬಿಲ್ಡರ್ ತೆಗೆಯಬಹುದು. ಅಂದರೆ ಬೆಂಗಳೂರಿನ ಹೊರವಲಯದಲ್ಲಿ ಸಾಲ ಮಾಡಿ ಫ್ಲ್ಯಾಟ್ ಕೊಂಡ ಕುಟುಂಬದ ಹಣ ಹೊರಹೋಗುವ ಬಾಗಿಲಲ್ಲಿ ವಾಸ್ತುಶಿಲ್ಪಿಯೊಬ್ಬರ ಸಹಿ ಕಾವಲಿದೆ. 1972ರಲ್ಲಿ ಯಾರೂ ಊಹಿಸಿರದ ಹೊಣೆ ಇದು.

ಮೂರನೆಯದು ಶಿಕ್ಷಣ. ದೇಶದಲ್ಲಿ ವಾಸ್ತುಶಿಲ್ಪ ಕಾಲೇಜುಗಳು 400 ದಾಟಿವೆ. ಬೆಂಗಳೂರು, ಮೈಸೂರು, ಮಣಿಪಾಲ, ಹುಬ್ಬಳ್ಳಿ, ಬೆಳಗಾವಿ, ವಿಜಯಪುರ ಎಂದು ಕರ್ನಾಟಕದಲ್ಲೇ ದೊಡ್ಡ ಸಾಲಿದೆ. ಐದು ವರ್ಷದ ಬಿ.ಆರ್ಕ್., 2006ರಿಂದ ನಾಟಾ ಪ್ರವೇಶ ಪರೀಕ್ಷೆ, ಅಧ್ಯಾಪಕರ ಅರ್ಹತೆ, ಸ್ಟುಡಿಯೊದಲ್ಲಿ ವಿದ್ಯಾರ್ಥಿಗೂ ಅಧ್ಯಾಪಕರಿಗೂ ಇರಬೇಕಾದ ಅನುಪಾತ, ಇವೆಲ್ಲಕ್ಕೂ ಅಡಿಗಲ್ಲು ನೋಂದಣಿಯೇ. ಎಲ್ಲ ಕಾಲೇಜುಗಳೂ ಸಮನಾಗಿಲ್ಲ ನಿಜ, ಆದರೆ ಕೇಳಬಹುದಾದ ಒಂದು ಕನಿಷ್ಠ ಮಟ್ಟವಾದರೂ ಇದೆ.

ಕಟ್ಟು ಒಳಗಿನವರಿಗೆ, ಬಯಲು ಹೊರಗಿನವರಿಗೆ

ನೋಂದಣಿಯೊಡನೆ ಬರುವ ಕಟ್ಟುಪಾಡು 1989ರ ವೃತ್ತಿ ನಡವಳಿಕೆ ನಿಯಮಗಳಲ್ಲಿದೆ. ಗುತ್ತಿಗೆದಾರರಿಂದ, ಸಾಮಗ್ರಿ ಅಂಗಡಿಯವರಿಂದ ಕಮಿಷನ್ ಪಡೆಯಬಾರದು. ಮತ್ತೊಬ್ಬ ವಾಸ್ತುಶಿಲ್ಪಿಯ ಕೆಲಸವನ್ನು ಕಸಿಯಲು ಹೋಗಬಾರದು. ಶುಲ್ಕವಿಲ್ಲದೆ ಅಥವಾ ಶುಲ್ಕ ತಗ್ಗಿಸಿ ಪೈಪೋಟಿಯ ವಿನ್ಯಾಸ ಮಾಡಿಕೊಡಬಾರದು. ತನ್ನ ಸೇವೆಯ ಜಾಹೀರಾತು ಕೊಡಬಾರದು. ಕೆಲಸದ ಷರತ್ತು, ಶುಲ್ಕ ಎರಡನ್ನೂ ಗ್ರಾಹಕರಿಗೆ ಮೊದಲೇ ತಿಳಿಸಬೇಕು. ಒಂದೊಂದೂ ಒಪ್ಪತಕ್ಕ ನಿಯಮವೇ. ಕಮಿಷನ್ ಮುಟ್ಟದವರು ಮಾತ್ರ ಟೈಲ್ಸ್‌ನಿಂದ ಸಿಮೆಂಟಿನವರೆಗೆ ಮನೆಯವರ ಹಿತ ನೋಡಿ ಸಲಹೆ ಕೊಡಬಲ್ಲರು.

ತೊಡಕು ಎಲ್ಲಿದೆ ಎಂದರೆ, ಇದೇ ಕೆಲಸ ಮಾಡುವ ನೋಂದಣಿ ಇಲ್ಲದವರಿಗೆ ಇವಾವುವೂ ಅನ್ವಯಿಸುವುದಿಲ್ಲ. ‘ಚದರ ಅಡಿಗೆ ಇಷ್ಟು, ಪ್ಲಾನ್ ಉಚಿತ, ತ್ರೀಡಿ ಎಲಿವೇಷನ್ ಉಚಿತ’ ಎಂದು ನಿರ್ಮಾಣ ಕಂಪನಿಗಳು ರಸ್ತೆಬದಿಯಲ್ಲೂ ಮೊಬೈಲಿನಲ್ಲೂ ರಾಜಾರೋಷವಾಗಿ ಜಾಹೀರಾತು ಕೊಡುತ್ತವೆ. ಗ್ರಾಹಕರು ಅದನ್ನೇ ನೋಡಿಕೊಂಡು ಹೊಸದಾಗಿ ಕಚೇರಿ ತೆರೆದ ತರುಣಿಯೊಬ್ಬಳ ಬಳಿ ಬಂದು, ‘ಮೊದಲು ಎರಡು ಮೂರು ಪ್ಲಾನ್ ಮಾಡಿ ತೋರಿಸಿ, ಹಿಡಿಸಿದರೆ ಮುಂದಿನ ಮಾತು’ ಎನ್ನುತ್ತಾರೆ. ನಿಯಮ ಪಾಲಿಸಿದರೆ ಆಕೆಗೆ ಕೆಲಸ ಹೋಗುತ್ತದೆ, ಮುರಿದರೆ ದುರ್ನಡತೆ. ಪ್ಲಾನ್ ಉಚಿತ ಎಂದವರು ಅದರ ಹಣವನ್ನು ಕಂಬಿ, ಸಿಮೆಂಟು, ಕೂಲಿಯಲ್ಲಿ ವಸೂಲು ಮಾಡಿಕೊಳ್ಳುತ್ತಾರೆ ಎಂಬುದು ಗ್ರಾಹಕರಿಗೆ ತಿಳಿಯುವ ಹೊತ್ತಿಗೆ ಆರ್‌ಸಿಸಿ ಮುಗಿದಿರುತ್ತದೆ.

ಸಂಸ್ಥೆ ಕಟ್ಟುವ ವಿಷಯದಲ್ಲೂ ಇದೇ ಪಾಡು. ಎಲ್ಲ ಪಾಲುದಾರರೂ ವಾಸ್ತುಶಿಲ್ಪಿಗಳೇ ಆಗಿರಬೇಕೆಂಬ ಷರತ್ತಿನಿಂದಾಗಿ ಸ್ಟ್ರಕ್ಚರಲ್ ಎಂಜಿನಿಯರನ್ನೋ ಲ್ಯಾಂಡ್‌ಸ್ಕೇಪ್ ತಜ್ಞರನ್ನೋ ಸಮಾನ ಪಾಲುದಾರರಾಗಿ ಸೇರಿಸಿಕೊಂಡು ಆರ್ಕಿಟೆಕ್ಟ್ಸ್ ಎಂಬ ಹೆಸರಿನಲ್ಲಿ ದೊಡ್ಡ ಸಂಸ್ಥೆ ಬೆಳೆಸುವುದು ಕಷ್ಟ. ಕೆಲಸ ಇಂದು ಹತ್ತು ಬಗೆಯ ತಜ್ಞರು ಕೂಡಿ ಮಾಡುವಂಥದ್ದು. ಕಾಯ್ದೆ ಇನ್ನೂ ಒಬ್ಬಿಬ್ಬರು ಕೂತ ಸಣ್ಣ ಕಚೇರಿಯನ್ನೇ ಮನಸ್ಸಿನಲ್ಲಿಟ್ಟುಕೊಂಡಿದೆ. ಇನ್ನು ಅಂಥ ಕಚೇರಿಗಳಲ್ಲಿ ಪದವಿ ಮುಗಿಸಿ ಸೇರುವ ಕಿರಿಯರ ಸಂಬಳ, ದುಡಿಮೆಯ ಹೊತ್ತು, ಅವರ ವಿನ್ಯಾಸಕ್ಕೆ ಸಲ್ಲಬೇಕಾದ ಮನ್ನಣೆ ಇವುಗಳ ಬಗ್ಗೆ ಕಾಯ್ದೆ ಏನನ್ನೂ ಹೇಳುವುದಿಲ್ಲ. ರಾತ್ರಿ ಎರಡರವರೆಗೆ ಡ್ರಾಯಿಂಗ್ ಮಾಡುವವರಿಗೂ ಸಿಎ ಸಂಖ್ಯೆ ಇರುತ್ತದೆ, ಸಹಿ ಮಾತ್ರ ಕಚೇರಿಯ ಮಾಲೀಕರದಾಗಿರುತ್ತದೆ.

ಮೂವತ್ತು–ನಲವತ್ತರ ಸೈಟು

ಕಾಯ್ದೆಯ ನಿಜವಾದ ಪರೀಕ್ಷೆ ನಡೆಯುವುದು ದೆಹಲಿಯಲ್ಲಲ್ಲ, ನಮ್ಮ ಬಡಾವಣೆಗಳ 30×40 ಅಡಿ ಸೈಟುಗಳಲ್ಲಿ. ನೆಲಮಹಡಿ ಮತ್ತು ಎರಡು ಅಂತಸ್ತಿಗೆ ನಕ್ಷೆ ಮಂಜೂರಾಗಿದೆ ಎಂದಿಟ್ಟುಕೊಳ್ಳಿ. ಸುತ್ತ ಬಿಡಬೇಕಾದ ಸೆಟ್‌ಬ್ಯಾಕ್ ಹಾಳೆಯಲ್ಲಿದೆ. ಪಾಯ ತೆಗೆಯುವ ದಿನ ಮಾಲೀಕರು ಮೇಸ್ತ್ರಿಯನ್ನು ಪಕ್ಕಕ್ಕೆ ಕರೆದು ‘ಆ ಕಡೆ ಒಂದೂವರೆ ಅಡಿ ತಗೊಂಡುಬಿಡಿ’ ಎನ್ನುತ್ತಾರೆ. ಎರಡನೆಯ ಮಹಡಿಯ ಸೆಂಟ್ರಿಂಗ್ ಬಿಚ್ಚುವ ಮೊದಲೇ ಮೂರನೆಯದಕ್ಕೆ ಕಂಬಗಳ ಕಂಬಿ ಮೇಲೆ ಚಾಚಿರುತ್ತದೆ. ಕಾರು ನಿಲ್ಲಿಸುವ ಜಾಗ ಅಂಗಡಿಯಾಗುತ್ತದೆ, ಮೇಲೆ ಪಿಜಿ ಕೋಣೆಗಳು ಏಳುತ್ತವೆ. ಅಕ್ಕಪಕ್ಕದವರೆಲ್ಲ ಹೀಗೇ ಮಾಡಿದ್ದಾರೆ ಎಂಬ ಸಮಾಧಾನ ಬೇರೆ.

ಈ ಹೊತ್ತಿಗೆ ನಕ್ಷೆಗೆ ಸಹಿ ಮಾಡಿದ ವಾಸ್ತುಶಿಲ್ಪಿಯ ಮುಂದೆ ಮೂರು ದಾರಿಗಳಿವೆ. ಸುಮ್ಮನಿರುವುದು ಒಂದು. ಪಾಲಿಕೆಗೆ ಬರೆದು ತಿಳಿಸುವುದು ಇನ್ನೊಂದು. ಆದರೆ ಆ ಮಾತು ಊರಲ್ಲಿ ಹರಡಿದ ಮೇಲೆ ಮುಂದಿನ ಗ್ರಾಹಕರು ಬರುವುದು ಅನುಮಾನ. ಕೆಲಸ ಬಿಟ್ಟು ಹೊರಬರುವುದು ಮೂರನೆಯದು. ಆಗ ಬಾಕಿ ಶುಲ್ಕ ಮುಳುಗುತ್ತದೆ, ಮಾಲೀಕರು ಇನ್ನೊಬ್ಬರಿಂದ ಸಹಿ ಹಾಕಿಸಿಕೊಳ್ಳುತ್ತಾರೆ. ಹಣ ಪಡೆದು ಬರೀ ಸಹಿ, ಸೀಲು ಹಾಕಿಕೊಡುವವರು ಎಲ್ಲ ಊರುಗಳಲ್ಲೂ ಇದ್ದಾರೆ ಎಂಬುದು ವೃತ್ತಿಯಲ್ಲಿರುವ ಎಲ್ಲರಿಗೂ ಗೊತ್ತಿರುವ ನೋವಿನ ಸಂಗತಿ. ಸಹಿ ಮಾರುವವರನ್ನು ಹಿಡಿಯುವ ಅಧಿಕಾರ ಪರಿಷತ್ತಿಗಿದೆ. ಸಹಿ ನಿರಾಕರಿಸಿದವರನ್ನು ಕಾಪಾಡುವ ಒಂದೇ ಒಂದು ಸಾಲು ಕಾಯ್ದೆಯಲ್ಲಿಲ್ಲ.

2019ರ ಮಾರ್ಚ್‌ನಲ್ಲಿ ಧಾರವಾಡದ ಕುಮಾರೇಶ್ವರ ನಗರದಲ್ಲಿ ನಿರ್ಮಾಣ ಹಂತದ ವಾಣಿಜ್ಯ ಕಟ್ಟಡ ಕುಸಿದು 19 ಮಂದಿ ಸತ್ತರು. 2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ಮಳೆಯ ನಡುವೆ ಕಟ್ಟಡ ಕುಸಿದು ಒಂಬತ್ತು ಕಾರ್ಮಿಕರು ಪ್ರಾಣ ಬಿಟ್ಟರು. ಇಂಥ ದುರಂತಗಳಲ್ಲಿ ಪ್ರಶ್ನೆ ಮುಖ್ಯವಾಗಿ ಕಂಬ, ತೊಲೆ, ಪಾಯದ ಲೆಕ್ಕದ್ದು. ಅಲ್ಲಿ ಮತ್ತೊಂದು ದೊಡ್ಡ ಕೊರತೆ ಕಣ್ಣಿಗೆ ಹೊಡೆಯುತ್ತದೆ. ಕಟ್ಟಡ ನಿಲ್ಲುವಂತೆ ಲೆಕ್ಕ ಹಾಕುವ ಸ್ಟ್ರಕ್ಚರಲ್ ಎಂಜಿನಿಯರುಗಳಿಗೆ ವಾಸ್ತುಶಿಲ್ಪಿಗಳಿಗಿರುವಂಥ ಕೇಂದ್ರ ನೋಂದಣಿ ಕಾಯ್ದೆಯೇ ಇಲ್ಲ. ವಾಸ್ತುಶಿಲ್ಪಿಗಳೂ ಎಂಜಿನಿಯರುಗಳೂ ದಶಕಗಳಿಂದ ಬಿರುದಿಗಾಗಿ, ಹುದ್ದೆಗಾಗಿ ಕಿತ್ತಾಡಿದ್ದಾರೆ. ಆ ಶಕ್ತಿಯನ್ನು ಎಂಜಿನಿಯರುಗಳಿಗೂ ಸಮಾನ ಹೊಣೆಯ ನೋಂದಣಿ ತರುವುದಕ್ಕೆ ಬಳಸಿದ್ದರೆ ಎರಡು ವೃತ್ತಿಗಳಿಗೂ ಜನರಿಗೂ ಒಳಿತಾಗುತ್ತಿತ್ತು.

ಸಹಿಯ ತೂಕ ಮುಂದೆ ಇನ್ನೂ ಹೆಚ್ಚಲಿದೆ. 2024ರಲ್ಲಿ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿ ‘ನಂಬಿಕೆ ನಕ್ಷೆ’ ಯೋಜನೆ ತಂದಿತು. 50×80 ಅಡಿವರೆಗಿನ ನಿವೇಶನಗಳ ವಸತಿ ಕಟ್ಟಡಗಳಿಗೆ ಪಾಲಿಕೆಯ ಪಟ್ಟಿಯಲ್ಲಿರುವ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕವೇ ಆನ್‌ಲೈನ್‌ನಲ್ಲಿ ತಾತ್ಕಾಲಿಕ ಅನುಮೋದನೆ, ಪರಿಶೀಲನೆ ಆಮೇಲೆ. ಕಚೇರಿ ಅಲೆದಾಟ ತಪ್ಪಿಸುವ ಈ ವ್ಯವಸ್ಥೆಯನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಆದರೆ ಸರ್ಕಾರಿ ಅಧಿಕಾರಿ ಮಾಡುತ್ತಿದ್ದ ತೀರ್ಮಾನ ಈಗ ಮಾಲೀಕರಿಂದಲೇ ಶುಲ್ಕ ಪಡೆಯುವ ವೃತ್ತಿಪರರ ಹೆಗಲಿಗೆ ಬಂದಿದೆ. ಅದೇ ವರ್ಷದ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್, ಸ್ವಾಧೀನಾನುಭವ ಪತ್ರ (ಓಸಿ) ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕೆಂದು ಹೇಳಿತು. ಓಸಿ ಸಿಗದೆ ಮೀಟರ್ ಬಾರದ ಮನೆಗಳ ಮಾಲೀಕರು ಮೊದಲು ಹುಡುಕಿಕೊಂಡು ಹೋದದ್ದು ನಕ್ಷೆಗೆ ಸಹಿ ಹಾಕಿದವರನ್ನು. ಅಧಿಕಾರ ಕೊಡದೆ ಹೊಣೆಯನ್ನು ಮಾತ್ರ ವರ್ಗಾಯಿಸಿದರೆ ಅದು ವೃತ್ತಿಯ ಗೌರವ ಹೆಚ್ಚಿಸುವುದಿಲ್ಲ, ಬಲಿಪಶು ಯಾರೆಂಬುದನ್ನು ಮೊದಲೇ ಬರೆದಿಟ್ಟ ಹಾಗಾಗುತ್ತದೆ.

ಹೊರಗಿನ ಅನುಭವ

ನೋಂದಣಿ ಬೇಕೇ ಎಂಬ ವಾದ ಹಳೆಯದು. ಅಮೆರಿಕದಲ್ಲಿ ಮೊದಲು ಪರವಾನಗಿ ಕಾನೂನು ಮಾಡಿದ್ದು 1897ರಲ್ಲಿ ಇಲಿನಾಯ್ ರಾಜ್ಯ. ಇಂಗ್ಲೆಂಡಿನಲ್ಲಿ 1890ರ ದಶಕದ ಆರಂಭದಲ್ಲೇ ವಾಸ್ತುಶಿಲ್ಪಿಗಳಾದ ನಾರ್ಮನ್ ಶಾ, ಟಿ.ಜಿ. ಜ್ಯಾಕ್ಸನ್ ಮೊದಲಾದವರು ಇದನ್ನು ಬಲವಾಗಿ ವಿರೋಧಿಸಿದರು. ವಾಸ್ತುಶಿಲ್ಪ ಕಲೆ, ಪರೀಕ್ಷೆ ಬರೆಸಿ ಕಲಾವಿದರನ್ನು ಆರಿಸಲಾಗದು ಎಂಬುದು ಅವರ ನಿಲುವು. ಕೊನೆಗೆ 1931ರಲ್ಲಿ ನೋಂದಣಿ ಬಂತು, 1938ರಲ್ಲಿ ಬಿರುದಿಗೆ ಪೂರ್ಣ ರಕ್ಷಣೆ ಸಿಕ್ಕಿತು. 1993ರ ವಾರ್ನ್ ವರದಿ ಆ ರಕ್ಷಣೆಯನ್ನೇ ತೆಗೆದುಹಾಕಿ ಎಂದು ಸಲಹೆ ಮಾಡಿದರೂ ಸರ್ಕಾರ ಮನಸ್ಸು ಬದಲಿಸಿ 1997ರ ಹೊಸ ಕಾಯ್ದೆ ತಂದಿತು. ಡೆನ್ಮಾರ್ಕ್‌, ಸ್ವೀಡನ್‌ಗಳಲ್ಲಿ ಬಿರುದಿಗೆ ಶಾಸನದ ರಕ್ಷಣೆಯೇ ಇಲ್ಲದೆ ಒಳ್ಳೆಯ ಕಟ್ಟಡಗಳು ಎದ್ದಿವೆ. ಅಲ್ಲಿ ಸ್ಥಳೀಯ ಆಡಳಿತದ ತಪಾಸಣೆ ಗಟ್ಟಿ. ಜಪಾನ್ 1950ರ ಕಾಯ್ದೆಯಲ್ಲಿ ವಿನ್ಯಾಸಕ್ಕೇ ಪರವಾನಗಿ ಕಡ್ಡಾಯ ಮಾಡಿ, ಕಟ್ಟಡದ ಗಾತ್ರಕ್ಕೆ ತಕ್ಕಂತೆ ಪರವಾನಗಿಯಲ್ಲಿ ದರ್ಜೆಗಳನ್ನಿಟ್ಟಿತು.

ಇವುಗಳಲ್ಲಿ ಬ್ರಿಟನ್ನಿನ ಇತ್ತೀಚಿನ ಪಾಠ ನಮಗೆ ಅತಿ ಹತ್ತಿರದ್ದು. 2017ರ ಜೂನ್‌ನಲ್ಲಿ ಲಂಡನ್ನಿನ ಗ್ರೆನ್‌ಫೆಲ್ ಟವರ್ ಹೊತ್ತಿ ಉರಿದು 72 ಮಂದಿ ಸತ್ತರು. ನವೀಕರಣದ ವಿನ್ಯಾಸದಲ್ಲಿ ವಾಸ್ತುಶಿಲ್ಪಿಗಳಿದ್ದರು, ಬಿರುದಿನ ರಕ್ಷಣೆಯೂ ಇತ್ತು. 2024ರ ತನಿಖಾ ವರದಿ ವಿನ್ಯಾಸ ಮಾಡಿದವರ ಮೇಲೂ ಗಣನೀಯ ಹೊಣೆ ಹೊರಿಸಿತು. ಈ ನಡುವೆ 2022ರ ಕಟ್ಟಡ ಸುರಕ್ಷಾ ಕಾಯ್ದೆ ನೋಂದಾಯಿತರ ಮುಂದುವರಿದ ಕಲಿಕೆಯ ಮೇಲೆ ನಿಗಾ ಇಡುವ ಅಧಿಕಾರವನ್ನು ನೋಂದಣಿ ಮಂಡಳಿಗೆ ಕೊಟ್ಟಿತು. ಒಮ್ಮೆ ಪಟ್ಟಿಗೆ ಸೇರಿದರೆ ಬದುಕಿಡೀ ಸಮರ್ಥರು ಎಂಬ ನಂಬಿಕೆ ಅಲ್ಲಿ ಮುರಿದುಬಿತ್ತು.

ನಮ್ಮಲ್ಲಿ ಆ ನಂಬಿಕೆ ಇನ್ನೂ ಉಳಿದಿದೆ. ಪದವಿ ಕೈಗೆ ಬಂದೊಡನೆ ನೇರವಾಗಿ ನೋಂದಣಿ. ನಂತರ ನವೀಕರಣ ಶುಲ್ಕ ಕಟ್ಟಿದರೆ ಸಾಕು. ಬ್ರಿಟನ್ನಿನಲ್ಲೂ ಅಮೆರಿಕದಲ್ಲೂ ಪದವಿಯ ಮೇಲೆ ಅನುಭವ ಮತ್ತು ವೃತ್ತಿ ಪರೀಕ್ಷೆ ದಾಟಬೇಕು. ಅಲ್ಲಿಗೆ ಹೋದ ನಮ್ಮ ಹುಡುಗ ಹುಡುಗಿಯರು ಇಲ್ಲಿನ ಸಿಎ ಸಂಖ್ಯೆ ಇದ್ದರೂ ಸಹಾಯಕರಾಗಿ ದುಡಿಯುತ್ತಾ ಆ ಪರೀಕ್ಷೆಗಳನ್ನು ಒಂದೊಂದಾಗಿ ಬರೆಯುವುದು ಇದೇ ಕಾರಣಕ್ಕೆ.

ಆಗಬೇಕಾದದ್ದು

ಸಂಸತ್ತು ವಿನ್ಯಾಸದ ಹಕ್ಕನ್ನೆಲ್ಲ ವಾಸ್ತುಶಿಲ್ಪಿಗಳಿಗೇ ಮೀಸಲಿಡಲಿ ಎಂದು ನಾನು ಕೇಳುವುದಿಲ್ಲ. ಹಳ್ಳಿಯ ಮಣ್ಣಿನ ಮನೆ, ಕರಾವಳಿಯ ಹೆಂಚಿನ ಮನೆ, ಸ್ಥಪತಿಗಳು ಕಟ್ಟುವ ದೇವಾಲಯ, ಅನುಭವಿ ಮೇಸ್ತ್ರಿಯ ಎರಡಂಕಣದ ಮನೆ, ಇವನ್ನು ಕಾನೂನುಬಾಹಿರ ಮಾಡುವ ಯಾವ ಸುಧಾರಣೆಯೂ ಜನರಿಗೆ ಉಪಕಾರ ಮಾಡುವುದಿಲ್ಲ. ಜಪಾನಿನಂತೆ ಗಾತ್ರ, ಎತ್ತರ, ಸೇರುವ ಜನರ ಸಂಖ್ಯೆ ನೋಡಿ ಮೆಟ್ಟಿಲು ಮೆಟ್ಟಿಲಾಗಿ ನಿಯಮ ಮಾಡಬಹುದು. ಶಾಲೆ, ಆಸ್ಪತ್ರೆ, ಕಲ್ಯಾಣ ಮಂಟಪ, ಬಹುಮಹಡಿ ಕಟ್ಟಡಗಳಿಗೆ ನೋಂದಾಯಿತ ವಾಸ್ತುಶಿಲ್ಪಿ ಮತ್ತು ನೋಂದಾಯಿತ ಸ್ಟ್ರಕ್ಚರಲ್ ಎಂಜಿನಿಯರ್ ಇಬ್ಬರೂ ಕಡ್ಡಾಯವಾಗಲಿ. ಸಣ್ಣ ಮನೆಗಳಿಗೆ ಆಯ್ಕೆ ಜನರದ್ದೇ ಇರಲಿ.

ನೋಂದಣಿಗೂ ಪದವಿಗೂ ನಡುವೆ ಹಿರಿಯರ ಮಾರ್ಗದರ್ಶನದ ದುಡಿಮೆ ಮತ್ತು ಒಂದು ವೃತ್ತಿ ಪರೀಕ್ಷೆ ಬರಲಿ. ಆ ಅವಧಿಗೆ ಕನಿಷ್ಠ ಸಂಬಳವೂ ನಿಗದಿಯಾಗಲಿ. ಇಲ್ಲವಾದರೆ ಸುಧಾರಣೆಯ ಭಾರವೆಲ್ಲ ಹಣವಿಲ್ಲದ ಮನೆಯ ಮಕ್ಕಳ ಮೇಲೆ ಬೀಳುತ್ತದೆ. ಶಿಸ್ತುಕ್ರಮದ ತೀರ್ಪುಗಳನ್ನು ಸಾಮಾನ್ಯ ಜನ ಓದಿ ತಿಳಿಯುವಂತೆ ಪ್ರಾದೇಶಿಕ ಭಾಷೆಗಳಲ್ಲೂ ಪ್ರಕಟಿಸಲಿ. ಪರಿಷತ್ತಿನ ಜಾಲತಾಣದಲ್ಲಿ ಯಾರ ಹೆಸರು ಪಟ್ಟಿಯಲ್ಲಿದೆ ಎಂದು ಇಂದು ಯಾರು ಬೇಕಾದರೂ ನೋಡಬಹುದು. ಯಾರ ಮೇಲೆ ಯಾಕೆ ಕ್ರಮವಾಯಿತು ಎಂಬುದೂ ಅಷ್ಟೇ ಸುಲಭವಾಗಿ ಸಿಗಬೇಕು. ಜಾಹೀರಾತು ನಿಷೇಧವನ್ನು ಸಡಿಲಿಸಿ, ಮಾಡಿದ ಕೆಲಸವನ್ನು ಸತ್ಯವಾಗಿ ತೋರಿಸಿಕೊಳ್ಳಲು ಕಿರಿಯರಿಗೆ ಅವಕಾಶವಾಗಲಿ. ಬೇರೆ ತಜ್ಞರೊಡನೆ ಪಾಲುದಾರಿಕೆಗೂ ದಾರಿ ತೆರೆಯಲಿ.

ಇವೆಲ್ಲಕ್ಕೂ ಸಂಸತ್ತಿನ ಅಥವಾ ಪರಿಷತ್ತಿನ ಒಪ್ಪಿಗೆ ಬೇಕು. ಅತ್ಯಂತ ತುರ್ತಿನ ಕೆಲಸಕ್ಕೆ ಮಾತ್ರ ಅಷ್ಟು ಕಾಯಬೇಕಿಲ್ಲ, ಕಟ್ಟಡ ಉಪವಿಧಿಗಳು ರಾಜ್ಯದ ಕೈಯಲ್ಲೇ ಇವೆ. ಪಾಯ, ಪ್ರತಿ ಮಹಡಿಯ ಚಾವಣಿ, ಮುಕ್ತಾಯ ಎಂಬ ಹಂತಗಳಲ್ಲಿ ವಾಸ್ತುಶಿಲ್ಪಿ ಮತ್ತು ಎಂಜಿನಿಯರ್ ವರದಿ ಸಲ್ಲಿಸುವುದು ಕಡ್ಡಾಯವಾಗಲಿ. ನಕ್ಷೆ ಮೀರಿದ ಕೆಲಸ ನಡೆದಿದೆ ಎಂದು ಅವರು ತಿಳಿಸಿದರೆ ನಿಗದಿತ ದಿನಗಳೊಳಗೆ ಪಾಲಿಕೆ ಸ್ಥಳಕ್ಕೆ ಬರಲೇಬೇಕು. ತಿಳಿಸಿದವರ ಹೊಣೆ ಅಂದಿಗೆ ಮುಗಿಯಬೇಕು. ಅವರ ಬಾಕಿ ಶುಲ್ಕ ತೀರಿಸಿ, ಅವರು ಹೊರಬಂದ ಕಾರಣವನ್ನು ಕಡತದಲ್ಲಿ ದಾಖಲಿಸದ ಹೊರತು ಆ ಕಟ್ಟಡಕ್ಕೆ ಬೇರೆಯವರ ಸಹಿಯನ್ನು ಕಂಪ್ಯೂಟರ್ ಸ್ವೀಕರಿಸಬಾರದು. ಅನುಮೋದನೆಯೆಲ್ಲ ಆನ್‌ಲೈನ್ ಆಗಿರುವಾಗ ಇದು ತಾಂತ್ರಿಕವಾಗಿ ಕಷ್ಟದ ಕೆಲಸವೇನಲ್ಲ.

ಬಿರುದನ್ನು ಯಾರು ಬಳಸಬಾರದು ಎಂಬ ಪ್ರಶ್ನೆಗೆ 1972ರಲ್ಲೇ ಉತ್ತರ ಸಿಕ್ಕಿದೆ, 2020ರಲ್ಲಿ ಸುಪ್ರೀಂ ಕೋರ್ಟ್ ಅದಕ್ಕೆ ಮುದ್ರೆ ಒತ್ತಿದೆ. ಬಿರುದು ಉಳ್ಳವರು ಯಾವುದಕ್ಕೆಲ್ಲ ಉತ್ತರದಾಯಿಗಳು, ಹಾಗೆ ಉತ್ತರ ಕೊಡಲು ಅವರಿಗೆ ಯಾವ ಅಧಿಕಾರ ಬೇಕು ಎಂಬುದನ್ನು ಇನ್ನೂ ಬರೆಯಬೇಕಿದೆ. ನಂಬಿಕೆಯ ಮೇಲೆ ನಕ್ಷೆ ಮಂಜೂರು ಮಾಡುವ ಧೈರ್ಯ ತೋರಿದ ಕರ್ನಾಟಕ, ಆ ನಂಬಿಕೆ ಉಳಿಸಿಕೊಂಡ ವೃತ್ತಿಪರರಿಗೆ ರಕ್ಷಣೆ ಕೊಡುವ ಉಪವಿಧಿಯನ್ನೂ ಮೊದಲು ಬರೆದು ತೋರಿಸಬೇಕು.